ಬೇವಿನ ಗಿಡದ ಕೆಳಗಿನ ವಿಳಾಸ

ಮಲಪ್ರಭೆಯ ದಂಡೆಗೆ ಒಂದು ಕಾಲೇಜು. ಕಟ್ಟಡ ಗಟ್ಟಿಯಾಗಿತ್ತು, ಮೇಷ್ಟರುಗಳೂ ಗಟ್ಟಿಯಾಗಿದ್ದರು, ಇಮೇಲ್ ಒಂದೇ ಆಗಾಗ ಮಲಗಿಬಿಡುತ್ತಿತ್ತು.

ಅದನ್ನು ಎಬ್ಬಿಸುವ ಕೆಲಸ ಚನ್ನವೀರ ಸರ್ ಅವರದು. ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಮಾತು ಕಡಿಮೆ, ಚಹಾ ಜಾಸ್ತಿ. ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು ಕಸ್ತೂರಿ. ಅವಳಿಗೆ ಎಲ್ಲದರ ಮೇಲೂ ಒಂದು ಪ್ರಶ್ನೆ.

ಆ ವರ್ಷ ಕಾಲೇಜಿಗೆ ಹೊಸ ಹೆಸರು ಬಂತು. ಹೆಸರಿನ ಜೊತೆ ಇಮೇಲ್ ವಿಳಾಸವೂ ಬದಲಾಗಬೇಕು, ಹಳೆಯ ಸಾಫ್ಟ್‌ವೇರ್ ಹೋಗಿ ಹೊಸದು ಬರಬೇಕು ಎಂದು ಪ್ರಾಚಾರ್ಯರು ಅಪ್ಪಣೆ ಮಾಡಿದರು. ಅದಕ್ಕೆ ಯೋಜನೆ ಹಾಕುವ ಕೆಲಸವನ್ನು ಸರ್ ಕಸ್ತೂರಿಗೆ ವಹಿಸಿದರು. ಅವಳ ಕೈಗೇ ಬಿಟ್ಟ ಮೊದಲ ಕೆಲಸ ಅದು. ಹಿಗ್ಗಿಹೋದಳು.

ಬೇಸಿಗೆ ರಜೆಯಲ್ಲಿ ಕಾಲೇಜು ಖಾಲಿ ಇರುತ್ತದೆ. ಆಗಲೇ ಎಲ್ಲ ಇಮೇಲುಗಳನ್ನೂ ಹೊಸ ಜಾಗಕ್ಕೆ ಸಾಗಿಸಿ, ಅದೇ ದಿನ ಹಳೆಯ ವಿಳಾಸವನ್ನು ಮುಚ್ಚಿಬಿಡುವುದು ಎಂದು ಅವಳು ಗೊತ್ತುಮಾಡಿದಳು. ಎರಡೂ ತೆರೆದಿದ್ದರೆ ಜನ ಹಳೆಯದಕ್ಕೇ ಜೋತುಬೀಳುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಸರ್ ಯೋಜನೆಯನ್ನು ಪೂರ್ತಿ ಓದಿದರು.

"ಯಾರಾರಿಗೆ ಹೇಳೀದಿ?"

"ಎಲ್ಲಾರಿಗೂ ಹೇಳೀನ್ರಿ ಸರ. ಸ್ಟಾಫು, ಹುಡುಗ್ರು, ಆಫೀಸಿನವ್ರು. ರಿಟೈರ್ ಆದವ್ರಿಗೂ ಫೋನ್ ಮಾಡೀನಿ."

"ಚಲೋ ಆತು," ಎಂದು ಸರ್ ಚಹಾದ ಕಡೆ ತಿರುಗಿದರು.

ಹೊಗಳಿಕೆ ಇಷ್ಟು ಸಲೀಸಾಗಿ ಸಿಕ್ಕಿದ್ದೇ ಅವಳಿಗೆ ಅನುಮಾನ. ಏನಾದರೂ ತಪ್ಪಿದೆಯೇ ಎಂದು ಕೇಳಿದಳು. ಇದ್ದರೆ ಅದೇ ಬಂದು ಬಾಗಿಲು ಬಡಿಯುತ್ತದೆ ಎಂದರು ಸರ್.

ಮರುದಿನ ಬಾಗಿಲು ಬಡಿದವಳು ಹಸೀನಾ. ರಸಾಯನಶಾಸ್ತ್ರದ ಕೊನೆಯ ವರ್ಷದ ಹುಡುಗಿ. ದೂರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸೀಟಿಗೆ ಅರ್ಜಿ ಹಾಕಿದ್ದಳು. ಅರ್ಜಿಯಲ್ಲಿ ಕೊಟ್ಟಿದ್ದು ಕಾಲೇಜಿನ ಹಳೆಯ ವಿಳಾಸ. ಉತ್ತರ ಬರುವುದು ರಜೆಯಲ್ಲಿ. ಬಂದ ವಾರದೊಳಗೆ ಒಪ್ಪಿಗೆ ತಿಳಿಸದಿದ್ದರೆ ಸೀಟು ಇನ್ನೊಬ್ಬರ ಪಾಲು.

ಹೊಸ ವಿಳಾಸವನ್ನು ಅವರಿಗೆ ತಿಳಿಸಿಬಿಡು ಎಂದಳು ಕಸ್ತೂರಿ. ಹಸೀನಾ ಅದನ್ನೂ ಮಾಡಿದ್ದಳು. ಇಲ್ಲಿಗೆ ಬರುವ ಇಮೇಲನ್ನು ಯಾರೂ ಓದುವುದಿಲ್ಲ ಎಂದು ಯಂತ್ರವೇ ಉತ್ತರ ಕೊಟ್ಟಿತ್ತು. ಫೋನ್ ಮಾಡಿದರೆ, ಅರ್ಜಿಯಲ್ಲಿ ಇದ್ದದ್ದು ಬದಲಾಗುವುದಿಲ್ಲ ಎಂದು ಫೋನ್ ಇಟ್ಟುಬಿಟ್ಟಿದ್ದರು.

ಕಸ್ತೂರಿಗೆ ಪಾಪ ಅನಿಸಿತು. ಒಬ್ಬಳಿಗೋಸ್ಕರ ಇಡೀ ಯೋಜನೆ ಬದಲಿಸುವುದು ಹೇಗೆ ಎಂದೂ ಅನಿಸಿತು. ನೋಡೋಣ ಎಂದು ಕಳಿಸಿದಳು. ಕಚೇರಿಯವರು ನೋಡೋಣ ಎಂದರೆ ಏನರ್ಥ ಎಂಬುದು ಹಸೀನಾಳಿಗೂ ಗೊತ್ತಿತ್ತು. ತಲೆ ತಗ್ಗಿಸಿ ಹೋದಳು.

ಪಕ್ಕದಲ್ಲೇ ಕೂತಿದ್ದ ಸರ್ ಆ ವಿಷಯ ಎತ್ತಲೇ ಇಲ್ಲ.

"ಕಸ್ತೂರಿ, ನಾಳೆ ಅರವಟ್ಟಿಗಿ ಒಳಗ ತರೂಣು," ಎಂದರು.

ಕಾಲೇಜಿನ ಗೇಟಿನ ಹೊರಗೆ, ಬಸ್ಸು ನಿಲ್ಲುವಲ್ಲಿ ಒಂದು ಬೇವಿನ ಗಿಡ. ಪ್ರತಿ ಬೇಸಿಗೆಯಲ್ಲೂ ಅದರ ಕೆಳಗೆ ಮರಳು ಹಾಸಿ, ಮಣ್ಣಿನ ಹರವಿಗಳಲ್ಲಿ ನೀರಿಟ್ಟು ಅರವಟ್ಟಿಗೆ ನಡೆಸುವುದು ಕಾಲೇಜಿನ ಪದ್ಧತಿ. ಮೇಷ್ಟರುಗಳೇ ಸರದಿಯ ಮೇಲೆ ನೀರು ತುಂಬುತ್ತಿದ್ದರು.

ಯಾಕೆ ಎಂದು ಅವಳು ಕೇಳಿದಳು. ಒಳಗಿನ ಪಡಸಾಲೆಯಲ್ಲಿ ನೆರಳು ಹೆಚ್ಚು, ನಲ್ಲಿಯೂ ಹತ್ತಿರ, ಹೊರುವ ತಾಪತ್ರಯ ಇಲ್ಲ ಎಂದರು ಸರ್. ಅವಳಿಗೂ ಸರಿ ಅನಿಸಿತು.

"ಮೊದಲ ಎಲ್ಲಾರಿಗೂ ಹೇಳ್ಲೇನ್ರಿ?"

"ಹೇಳು. ನಿನ್ನ ಪ್ಲಾನಿನ್ಯಾಗ ಹೆಂಗ ಹೇಳೀದಿ, ಹಂಗ."

ಅವಳು ಕಚೇರಿಯವರಿಗೆ ಹೇಳಿದಳು, ಉತ್ತರಪತ್ರಿಕೆ ತಿದ್ದಲು ಬಂದಿದ್ದ ಮೇಷ್ಟರುಗಳಿಗೆ ಹೇಳಿದಳು, ನೋಟಿಸ್ ಬೋರ್ಡಿಗೂ ಚೀಟಿ ಅಂಟಿಸಿದಳು. ಬೆಳಿಗ್ಗೆ ಹರವಿಗಳು ಪಡಸಾಲೆಗೆ ಬಂದವು. ಬಿಸಿಲೇರುವ ಹೊತ್ತಿಗೆ ಎಲ್ಲರೂ ಅಲ್ಲೇ ನೀರು ಕುಡಿಯುತ್ತಿದ್ದರು. ಯಾರೊಬ್ಬರೂ ದಾರಿ ತಪ್ಪಲಿಲ್ಲ.

"ನೋಡ್ರಿ ಸರ, ಎಷ್ಟು ಸರಳ ಆತು," ಎಂದಳು ಕಸ್ತೂರಿ.

"ಹೌದಲ್ಲ. ಈಗ ಹೋಗಿ ಆ ಬೇವಿನ ಗಿಡದ ಕೆಳಗ ಸ್ವಲ್ಪ ಹೊತ್ತು ಕೂತು ಬಾ."

"ಅಲ್ಲೇನೈತ್ರಿ ಈಗ?"

"ಅದನ್ನ ನೋಡಿ ಬಾ ಅಂತ ಹೇಳಾಕತ್ತೀನಿ."

ಅವಳು ಹೋಗಿ ಕೂತಳು. ಮರಳಿನ ಮೇಲೆ ಹರವಿ ಇದ್ದ ಗುರುತು ಇನ್ನೂ ಹಸಿಯಾಗಿತ್ತು.

ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಂಗಸು ಬಸ್ಸಿಳಿದು ನೇರ ಗಿಡದ ಕೆಳಗೆ ಬಂದಳು. ಲೋಟ ಇರುತ್ತಿದ್ದ ಕಡೆ ಕೈ ಚಾಚಿ, ಇಲ್ಲದ್ದನ್ನು ಕಂಡು ನಿಂತಳು. ನೀರು ಒಳಗಿದೆ ಎಂದು ಕಸ್ತೂರಿ ಗೇಟು ತೋರಿಸಿದಳು.

"ಒಳಗ ನಮ್ಮನ್ನ ಯಾರು ಬಿಡ್ತಾರವ್ವಾ?" ಎಂದಳು ಹೆಂಗಸು.

ಕಸ್ತೂರಿಯೇ ಅವಳನ್ನು ಕರೆದುಕೊಂಡು ಹೋಗಿ ನೀರು ಕೊಟ್ಟಳು. ತಿರುಗಿ ಬರುವಾಗ, ಗಿಡದ ಕೆಳಗೆ ಒಬ್ಬ ಅಜ್ಜ ನಿಂತಿರುವುದು ಗೇಟಿನಿಂದಲೇ ಕಂಡಿತು. ಆ ಹಸಿ ಮರಳನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಬಸ್ಸು ಬಂತು. ಅವಳು ಅಜ್ಜಾ ಎಂದು ಕೂಗುತ್ತ ಓಡಿದಳು. ಅವನಿಗೆ ಕೇಳಿಸಲಿಲ್ಲ. ಒಣಗಿದ ತುಟಿ ಸವರಿಕೊಂಡು ಬಸ್ಸು ಹತ್ತಿದ.

ಕಸ್ತೂರಿಗೆ ಸಿಟ್ಟು ಬಂತು. ಪಡಸಾಲೆಯಿಂದಲೇ ನೋಡುತ್ತಿದ್ದ ಸರ್ ಹತ್ತಿರ ಬಂದು ನಿಂತಳು.

"ಇದು ನಿಮಗ ಮೊದಲ ಗೊತ್ತಿತ್ತಲ್ರಿ?"

"ಗೊತ್ತಿತ್ತು. ಅದಕ್ಕ ನಿನ್ನ ಕಳಿಸಿದ್ನಿ. ನೀ ಇದ್ರೂ ಒಬ್ಬರು ನೀರಿಲ್ಲದ ಹೋದ್ರು."

"ನಾ ಎಲ್ಲಾರಿಗೂ ಹೇಳಿದ್ನಲ್ರಿ ಸರ."

"ಒಳಗಿದ್ದವ್ರಿಗೆ ಹೇಳೀದಿ."

ಅವಳು ದನಿ ಇಳಿಸಿ ಕೇಳಿದಳು: "ಹೊರಗಿಂದ ಬರವ್ರು ಯಾರಂತ ನಮಗ ಗೊತ್ತ ಇರೂದಿಲ್ಲ. ಅವ್ರಿಗೆ ಹೇಳೂದು ಹೆಂಗ್ರಿ?"

ಸರ್ ಪಂಚೆ ಎತ್ತಿ ಕಟ್ಟಿ, ಒಂದು ಹರವಿಯನ್ನು ಹೆಗಲಿಗೇರಿಸಿ ಗೇಟಿನ ಕಡೆ ನಡೆದರು. ನೀರು ತುಳುಕಿ ಅಂಗಿಯೆಲ್ಲ ತೊಯ್ದಿತು. ಉಳಿದ ಹರವಿಗಳು ಪಡಸಾಲೆಯಲ್ಲೇ ಉಳಿದವು. ಗಿಡದ ಕೆಳಗೆ ಆ ಒಂದು ಸಾಕಾಯಿತು.

ಕಸ್ತೂರಿ ಅವತ್ತೇ ಕೂತು ಯೋಜನೆ ತಿದ್ದಿದಳು. ಕಾಲೇಜು ಹೊಸ ವಿಳಾಸಕ್ಕೆ ಹೋಗಲಿ, ಹಳೆಯದೂ ತೆರೆದಿರಲಿ. ಅಲ್ಲಿಂದ ಯಾರೂ ಬರೆಯುವ ಹಾಗಿಲ್ಲ, ಆದರೆ ಅಲ್ಲಿಗೆ ಬಂದದ್ದೆಲ್ಲ ತಾನಾಗಿ ಹೊಸ ಜಾಗ ಸೇರಬೇಕು. ಎರಡೆರಡು ಯಾಕೆ ಎಂದು ಪ್ರಾಚಾರ್ಯರು ಗೊಣಗಿದರು. ಕಸ್ತೂರಿ ಅವರನ್ನು ಬೇವಿನ ಗಿಡದ ಕೆಳಗೆ ಕೂರಿಸುವ ಧೈರ್ಯ ಮಾಡಲಿಲ್ಲ. ಹೇಗೋ ಒಪ್ಪಿಸಿದಳು.

ರಜೆ ಬಂತು, ಕಾಲೇಜು ಖಾಲಿಯಾಯಿತು, ಇಮೇಲುಗಳು ಹೊಸ ಜಾಗಕ್ಕೆ ಸಾಗಿದವು. ಕಸ್ತೂರಿ ದಿನವೂ ಹಳೆಯ ವಿಳಾಸವನ್ನೊಮ್ಮೆ ನೋಡುತ್ತಿದ್ದಳು. ಖಾಲಿ ಕಾಲೇಜಿಗೆ ಎಷ್ಟೊಂದು ಜನ ಬರೆಯುತ್ತಾರೆ ಎಂದು ಅವಳಿಗೆ ಸೋಜಿಗ. ಎಲ್ಲೋ ಇರುವ ಹಳೆಯ ವಿದ್ಯಾರ್ಥಿಗೆ ಅಂಕಪಟ್ಟಿ ಬೇಕು, ಯಾರದೋ ತಂದೆಗೆ ಮಗಳ ಹಾಸ್ಟೆಲ್ ವಿಚಾರ ಬೇಕು.

ಒಂದು ಮಧ್ಯಾಹ್ನ ಹಸೀನಾ ಕಾಯುತ್ತಿದ್ದ ಉತ್ತರವೂ ಅಲ್ಲಿಗೇ ಬಂತು, ಬಂದು ಹೊಸ ಜಾಗಕ್ಕೆ ದಾಟಿತು. ಸೀಟು ಸಿಕ್ಕಿತ್ತು. ಹಸೀನಾ ಫೋನಿನಲ್ಲಿ ಅಕ್ಕಾ ಎಂದವಳೇ ಅತ್ತುಬಿಟ್ಟಳು. ಕಸ್ತೂರಿಗೂ ಕಣ್ಣು ತುಂಬಿ ಬಂತು.

ಕಾಲೇಜು ಮತ್ತೆ ಶುರುವಾಯಿತು. ಹಳೆಯ ವಿಳಾಸಕ್ಕೆ ಬರುವುದು ಕಡಿಮೆಯಾಗುತ್ತ ಬಂತು. ಒಂದು ವಾರವಂತೂ ಏನೂ ಬರಲಿಲ್ಲ. ಹಳೆಯದನ್ನು ಯಾವಾಗ ಮುಚ್ಚುತ್ತೀರಿ ಎಂದು ಪ್ರಾಚಾರ್ಯರು ಮತ್ತೆ ಕೇಳಿದರು.

ಕಸ್ತೂರಿ ಸರ್ ಅವರನ್ನು ಹುಡುಕಿಕೊಂಡು ಬಂದಳು. ಅವರು ಬೇವಿನ ಗಿಡದ ಕೆಳಗೆ ನಿಂತು ಹರವಿಗೆ ನೀರು ಹಾಕುತ್ತಿದ್ದರು. ಬಿಸಿಲು ಕಡಿಮೆಯಾಗಿತ್ತು, ಹರವಿಯ ನೀರು ಅಷ್ಟಾಗಿ ಇಳಿದಿರಲಿಲ್ಲ.

"ಸರ, ಈಗ ಹಳೇ ವಿಳಾಸ ಮುಚ್ಚಬಹುದೇನ್ರಿ?"

ಸರ್ ಲೋಟವನ್ನು ತೊಳೆದು ಹರವಿಯ ಮೇಲೆ ಕವುಚಿ ಇಟ್ಟರು.

"ನನ್ನ ಯಾಕ ಕೇಳ್ತಿ? ಅವತ್ತು ನೀರು ಕುಡೀದ ಬಸ್ ಹತ್ತಿದನಲ್ಲ, ಆ ಅಜ್ಜನ್ನ ಕೇಳು."