ಬೇಲಿ ಠರಾವಿಗೆ ಓತಿರಾಯರ ವಿರೋಧ

ಆನ್‌ಲೈನ್ ಆಟವೊಂದರಲ್ಲಿ ಪ್ರಾಣಿಗಳೆಲ್ಲ ಒಂದೊಂದು ದೇಶ ಕಟ್ಟಿಕೊಂಡು, ಎಲ್ಲಕ್ಕೂ ಸೇರಿ ಒಂದು ಮಹಾಸಭೆ ಮಾಡಿಕೊಂಡಿದ್ದವು. ಅಲ್ಲಿ ಗೋಣು ಹಾಕಿದರೆ ಒಪ್ಪಿಗೆ, ಸುಮ್ಮನಿದ್ದರೆ ವಿರೋಧ. ಓತಿಕ್ಯಾತನ ದೇಶವೆಂದರೆ ಒಂದು ಬೇಲಿ. ಅದೆಷ್ಟು ಉದ್ದವೆಂದರೆ ಸೂರ್ಯನೂ ಅದನ್ನು ದಾಟುವಾಗ ನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದ.

ಒಂದು ದಿನ ಹೋತಪ್ಪ ಠರಾವು ತಂದ: "ಲೋಕದ ಬೇಲಿಗಳನ್ನೆಲ್ಲ ಕಿತ್ತುಹಾಕತಕ್ಕದ್ದು."

"ನಾನು ಬಾಯಿ ತೆರೆದರೆ ಸಾಕು, ಠರಾವು ಬಿದ್ದುಹೋಗುತ್ತೆ, ನೋಡ್ತಿರಿ," ಎಂದು ಓತಿರಾಯ ಎದ್ದು ನಿಂತ. ಮಾತಿಗೊಮ್ಮೆ ಗೋಣು ಮೇಲೆ ಕೆಳಗೆ ಆಡಿಸುತ್ತ ಬೇಲಿಯ ಮಹಿಮೆಯನ್ನು ಬಣ್ಣಿಸಿಯೇ ಬಣ್ಣಿಸಿದ. ಹಿಂದೆ ಕೂತ ಕುರಿಗಳಿಗೆ ಮಾತು ಕೇಳಿಸಲಿಲ್ಲ, ಗೋಣು ಕಾಣಿಸಿತು.

"ಬೇಲಿಯ ಒಡೆಯರೇ ಒಪ್ಪಿದ ಮೇಲೆ ನಮ್ಮದೇನು ತಕರಾರು?" ಎಂದು ಅವೂ ಗೋಣು ಹಾಕಿದವು. ಕುರಿಗಳನ್ನು ನೋಡಿ ಉಳಿದವರೂ ಹಾಕಿದರು.

"ಠರಾವು ಪಾಸಾಯಿತು," ಎಂದಳು ಅಧ್ಯಕ್ಷೆ ಗೂಬಕ್ಕ.

ಓತಿರಾಯನ ಮೈಯ ಬಣ್ಣವೆಲ್ಲ ಇಳಿದುಹೋಯಿತು. "ಅಕ್ಕಾ, ನಾನು ವಿರೋಧ ಕಣೇ, ಪೂರ್ತಿ ವಿರೋಧ," ಎಂದು ಗೋಣನ್ನು ಇನ್ನೂ ಜೋರಾಗಿ ಆಡಿಸಿದ.

"ಸಾಕು ರಾಯರೇ, ಎಷ್ಟೇ ಉತ್ಸಾಹವಿದ್ದರೂ ಒಬ್ಬರಿಗೆ ಒಂದೇ ಮತ," ಎಂದಳು ಗೂಬಕ್ಕ.

ಅಷ್ಟರಲ್ಲಿ ಹೋತಪ್ಪ ಬೇಲಿಯನ್ನು ಅಗಿಯಲು ಶುರುಮಾಡಿದ್ದ.