ಅಧ್ಯಕ್ಷರನ್ನು ಸೆರೆಹಿಡಿದ ಶಾಲು

ಬೇಸಿಗೆ ಶಿಬಿರದ ಕೊನೇ ದಿನ. ಇದ್ದಿಲ ಮೀಸೆ ಬರೆದುಕೊಂಡ ಪುಟ್ಟ ಕಡಲ್ಗಳ್ಳರು ರಾಜನನ್ನು ಸೆರೆಹಿಡಿಯುವ ನಾಟಕ ಆಡಲು ಕಾದೇ ಕಾದರು. ಅಧ್ಯಕ್ಷ ಗುರುಪಾದಯ್ಯನವರ ಭಾಷಣವೋ, ಮುಗಿಯಲೊಲ್ಲದು. ಊರಿಗೆ ಹೋಗುವ ಬಸ್ಸು ಬಂದರೆ ನಾಟಕವೇ ಇಲ್ಲ.

ಮಕ್ಕಳ ಮೀಸೆ ಬೆವರಿಗೆ ಕರಗುವುದು ಕಂಡು ಅಡುಗೆಯ ಸಾಕವ್ವನಿಗೆ ಕರುಳು ಚುರುಕ್ಕೆಂದಿತು. ಸನ್ಮಾನದ ಶಾಲು ಎತ್ತಿಕೊಂಡು ವೇದಿಕೆ ಹತ್ತಿದಳು. ಶಾಲು ಕಂಡರೆ ಎಂಥಾ ಭಾಷಣಕಾರನೂ ಮಾತು ನಿಲ್ಲಿಸಿ ತಲೆ ಬಾಗುತ್ತಾನಲ್ಲ! ಇವರೂ ಬಾಗಿದರು. ಸಾಕವ್ವ ಶಾಲು ಹೊದಿಸಿ, ಎದೆಯ ಮೇಲೆ ಗಂಟು ಬಿಗಿದು, "ಬನ್ರೋ ಕಳ್ರಾ, ರಾಜ್ರು ಸೆರೆಸಿಕ್ಕವ್ರೆ!" ಅಂತ ಕೂಗಿದಳು.

ಮಕ್ಕಳು ಹೋ ಎಂದು ನುಗ್ಗಿದರು. ಚಪ್ಪಾಳೆಯೋ ಚಪ್ಪಾಳೆ.

"ಏನವ್ವಾ ಇದು?"

"ಸೆರೆಸಿಕ್ಕ ರಾಜ ಮಾತಾಡಂಗಿಲ್ಲ ಬುದ್ಧೀ, ಗತ್ತಾಗಿ ಕೂತ್ಕಳಿ."

ಕೂತರು, ಮೀಸೆ ತಿರುವಿಕೊಂಡೇ ಕೂತರು. ನಾಟಕ ಮುಗಿದ ಮೇಲೆ ಸಾಕವ್ವ ಗಂಟಿಗೆ ಕೈಹಾಕಿದಳು.

"ಬಿಚ್ಚಬೇಡ ಕಣವ್ವಾ," ಅಂದರು ಗುರುಪಾದಯ್ಯ, "ಮನೇಲಿ ತೋರಿಸ್ತೀನಿ."