ಹ್ಯಾಶಪ್ಪ ಸೇರಿಸಿಕೊಂಡ ಹೆಬ್ಬೆಟ್ಟು

ಕೇಳಿ ಸ್ವಾಮಿ, ಒಂದು ಕಂಪ್ಯೂಟರಿನ ಬಾಗಿಲಲ್ಲಿ ಹ್ಯಾಶಪ್ಪನೆಂಬ ಕಾವಲುಗಾರನಿದ್ದ. ಬೇರೆ ಪ್ರೋಗ್ರಾಮುಗಳಿಗೆ ಕೈಯಾಳಾಗಿ ದುಡಿಯುವ ಲೈಬ್ರರಿ ಫೈಲುಗಳು ಬಂದರೆ ಹೆಸರು ಕೇಳುತ್ತಿರಲಿಲ್ಲ. ಒಳಗಿನ ಅಕ್ಷರಗಳನ್ನೆಲ್ಲ ಅರೆದು ಹೆಬ್ಬೆಟ್ಟಿನ ಗುರುತು ತೆಗೆದು, ಅದು ತನ್ನ ಬಳಿಯಿದ್ದ ನಂಬಿಕಸ್ಥರ ಪಟ್ಟಿಯಲ್ಲಿದ್ದರೆ ಮಾತ್ರ ಬಿಡುತ್ತಿದ್ದ. ಅಷ್ಟು ಖಡಕ್ಕು!

ಒಂದು ಬೆಳಿಗ್ಗೆ, ತಾರೀಖು ಲೆಕ್ಕ ಹಾಕುವ ಫೈಲು ಪಂಚಾಂಗಯ್ಯ ಬಂದ. ಗುರುತು ತಾಳೆಯಾಗಲಿಲ್ಲ.

“ನನ್ನೊಳಗೆ ಒಂದು ಅಲ್ಪವಿರಾಮ ಬದಲಾಗಿದೆ, ಅಷ್ಟೇ ಮಾರಾಯ. ಹತ್ತು ವರ್ಷದ ಪರಿಚಯ, ನನ್ನನ್ನೇ ತಡೆಯುತ್ತೀಯಾ?”

“ಅಲ್ಪವಿರಾಮ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ, ಅಯ್ಯನವರೇ.”

“ಹಾಗಾದರೆ ಹೊಸದನ್ನೂ ಸೇರಿಸಿಕೊ. ನಿನ್ನ ಪಟ್ಟಿಯೇನು ಶಿಲಾಶಾಸನವೇ?”

ದಾಕ್ಷಿಣ್ಯಕ್ಕೆ ಬಿದ್ದ ಹ್ಯಾಶಪ್ಪ ಸೇರಿಸಿಕೊಂಡ.

ಮರುದಿನ ಅಕ್ಷರ ಜೋಡಿಸುವ ಲಿಪಿಯಮ್ಮ ಬಂದಳು, ಬಣ್ಣ ತುಂಬುವ ಚಿತ್ರಣ್ಣ ಬಂದ, ಹಳಬರೆಲ್ಲ ಸಾಲುಗಟ್ಟಿ ಬಂದರು. ಹೆಸರು ಅವರವರದೇ. ಹೆಬ್ಬೆಟ್ಟು ಮಾತ್ರ ಎಲ್ಲರದೂ ಒಂದೇ, ನಿನ್ನೆ ಸೇರಿಸಿದ್ದು. ಗುರುತು ಒಂದೇ ಆದರೆ ಒಳಗಿರುವುದೂ ಒಂದೇ, ಅದು ಹ್ಯಾಶಪ್ಪನಿಗೆ ಗೊತ್ತಿತ್ತು.

“ನೀವೆಲ್ಲ ಯಾರು?” ಎಂದ.

“ಪರಿಚಯದವರೇ ಮಾರಾಯ, ಪಟ್ಟಿ ನೋಡು” ಎಂದರು ಎಲ್ಲರೂ, ಪಂಚಾಂಗಯ್ಯನ ದನಿಯಲ್ಲಿ.

ಪಟ್ಟಿಯಲ್ಲಿತ್ತು. ಬಾಗಿಲು ತೆಗೆದ. ಆಮೇಲೆ ಎಂದೂ ಮಾಡದ ಕೆಲಸವೊಂದನ್ನು ಮಾಡಿದ: ತನ್ನ ಹೆಬ್ಬೆಟ್ಟನ್ನೇ ತಾಳೆ ನೋಡಿದ.

ಅದೂ ಪಟ್ಟಿಯಲ್ಲಿತ್ತು, ನಿನ್ನೆ ಪಂಚಾಂಗಯ್ಯನಿಗೆಂದು ಬರೆದ ಅದೇ ಸಾಲಿನಲ್ಲಿ.